ಮೂರನೇ ಕುರ್ಚಿಯಲ್ಲಿ ಆಫ್ರಿಕಾ

ಜರ್ಮನ್ ಸರ್ಕಾರದ ಆಫ್ರಿಕಾ ಸಹಕಾರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬರುವ ತಿಂಗಳ ಹದಿನಾಲ್ಕರಂದು ನೀವು ಪೂರ್ವ ಆಫ್ರಿಕಾದ ಒಂದು ರಾಜಧಾನಿಯಲ್ಲಿ ಕುಳಿತು ಮೀನುಗಾರಿಕೆ ಬಂದರಿನ ಒಪ್ಪಂದವೊಂದಕ್ಕೆ ಸಹಿ ಹಾಕಲಿದ್ದೀರಿ. ಆ ದೇಶದ ಸಂಸತ್ತಿನ ಅಧಿವೇಶನ ಆರಂಭವಾಗುವುದು ಅದೇ ತಿಂಗಳ ಕೊನೆಗೆ. ಸಹಿಯಾದ ಮೇಲೆ ಸದನಕ್ಕೆ ಬರುವ ಒಪ್ಪಂದವನ್ನು ಅಲ್ಲಿನ ಸದಸ್ಯರು ಚರ್ಚಿಸುವಂತಿಲ್ಲ, ತಿದ್ದುವಂತಿಲ್ಲ, ಗಮನಿಸಬಹುದು ಅಷ್ಟೆ. ದಯವಿಟ್ಟು ಎರಡು ವಾರ ಕಾಯಿರಿ. ಇಷ್ಟೇ ನನ್ನ ಕೋರಿಕೆ. ಉಳಿದದ್ದೆಲ್ಲ ಈ ಕೋರಿಕೆಯನ್ನು ಮಲ್ಪೆಯವನೊಬ್ಬ ಏಕೆ ಮಾಡುತ್ತಿದ್ದಾನೆ ಎಂಬುದರ ವಿವರಣೆ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ದಿನಾಂಕ ಬದಲಾಯಿಸಬಹುದು.

ಈ ಪತ್ರವನ್ನು ನಾನು ಮೊದಲು ಜರ್ಮನ್‌ನಲ್ಲಿ ಬರೆದು ನಿಮ್ಮ ಕಚೇರಿಗೇ ಕಳಿಸಿದ್ದೆ. ಉತ್ತರ ಬೇಗನೆ ಬಂತು, ಸೌಜನ್ಯದಿಂದಲೂ ಕೂಡಿತ್ತು. ಈ ವಿಷಯದಲ್ಲಿ ನಾನು ಸಂಬಂಧಪಟ್ಟ ವ್ಯಕ್ತಿಯಲ್ಲವಾದ್ದರಿಂದ ಹೆಚ್ಚಿನ ಮಾಹಿತಿ ಕೊಡಲಾಗುವುದಿಲ್ಲ ಎಂದು ಅದರಲ್ಲಿತ್ತು. ಹಾಗಾಗಿ ಇನ್ನೂ ದೂರ ಸರಿದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಪತ್ರಿಕೆಯ ಓದುಗರಲ್ಲಿ ಯಾರೂ ಸಂಬಂಧಪಟ್ಟವರಲ್ಲ, ಆದ್ದರಿಂದ ನಮ್ಮೊಳಗೆ ತಾರತಮ್ಯದ ಪ್ರಶ್ನೆ ಇಲ್ಲ. ನಿಮಗೆ ಇದನ್ನು ಓದಿ ಹೇಳಲು ಯಾರಾದರೂ ಬೇಕಾದರೆ, ಕನ್ನಡದವರು ಸಿಗದಿದ್ದರೂ ಚಿಂತೆ ಬೇಡ, ಪಂಜಾಬಿನವರನ್ನೋ ಶ್ರೀಲಂಕಾದವರನ್ನೋ ಕೂರಿಸಿಕೊಳ್ಳಿ. ನಿಮ್ಮಲ್ಲಿ ಆ ಪದ್ಧತಿ ಇದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ಸಭೆಗಳ ವರದಿ ಬರೆಯುವುದು ನನ್ನ ಕಸುಬು. ಕಲೋನ್‌ನಲ್ಲಿ ಇಪ್ಪತ್ತೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ನೀರು, ವಲಸೆ, ಹವಾಮಾನ, ಶಾಂತಿ, ಜೇನುನೊಣ, ಎಲ್ಲದರ ಬಗೆಗೂ ಸಭೆಗಳು ನಡೆಯುತ್ತವೆ. ಯಾರು ಏನು ಹೇಳಿದರು, ಸಭೆಯ ಒಟ್ಟು ಅಭಿಪ್ರಾಯ ಏನು ಎಂದು ಇಂಗ್ಲಿಷಿನಲ್ಲಿ ಹನ್ನೆರಡು ಪುಟ ಬರೆದುಕೊಡುತ್ತೇನೆ. ಹೊರಗಿನವರಿಗೆ ತಿಳಿಯದ ಒಂದು ಸಂಗತಿ ಇದೆ. ವರದಿಯ ಮುಕ್ಕಾಲು ಪಾಲು ಸಭೆ ನಡೆಯುವ ಮೊದಲೇ ಸಿದ್ಧವಾಗಿರುತ್ತದೆ. ಆಹ್ವಾನಿತರು ಯಾರು ಎಂದು ಗೊತ್ತು, ಅವರು ಏನು ಹೇಳುತ್ತಾರೆ ಎಂದೂ ಹೆಚ್ಚುಕಡಿಮೆ ಗೊತ್ತು. ಸಭೆ ಏರ್ಪಡಿಸುವ ಪ್ರತಿಷ್ಠಾನದವರು ಕರಡನ್ನು ಹಣ ಕೊಡುವವರಿಗೆ ಮುಂಚಿತವಾಗಿ ತೋರಿಸಿ ಒಪ್ಪಿಗೆ ಪಡೆಯುತ್ತಾರೆ. ಸಭೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತು ಬಿಟ್ಟ ಸ್ಥಳಗಳನ್ನು ತುಂಬುತ್ತೇನೆ. ಇದನ್ನು ಯಾರೂ ಅಪ್ರಾಮಾಣಿಕತೆ ಎನ್ನುವುದಿಲ್ಲ, ನಾನೂ ಎನ್ನಲಿಲ್ಲ. ಮದುವೆಗೆ ಮೊದಲೇ ಮದುವೆಯ ಕಾಗದ ಅಚ್ಚಾಗುತ್ತದಲ್ಲ, ಹಾಗೆ.

ಕಳೆದ ತಿಂಗಳು ರೈನ್ ನದಿಯ ಬಲದಂಡೆಯ ಆ ಗಾಜಿನ ಸಭಾಂಗಣದಲ್ಲಿ ನಡೆದ ಸಭೆಯ ವಿಷಯ 'ಆಫ್ರಿಕಾದಲ್ಲಿ ಸುಶಾಸನ: ಸಂಸತ್ತುಗಳ ಪಾತ್ರ'. ಮುಖ್ಯ ಭಾಷಣ ತಮ್ಮದು. ವೇದಿಕೆಯ ಮೇಲೆ ನಾಲ್ಕು ಕುರ್ಚಿ. ಮೊದಲನೆಯದು ತಮ್ಮದು, ಎರಡನೆಯದು ಒಬ್ಬ ಪ್ರಾಧ್ಯಾಪಕರದು, ನಾಲ್ಕನೆಯದು ಪ್ರತಿಷ್ಠಾನದ ನಿರ್ದೇಶಕರದು. ಮೂರನೆಯದು ತಾವು ಒಪ್ಪಂದ ಮಾಡಿಕೊಳ್ಳಲಿರುವ ಆ ದೇಶದ ಸಂಸದೆಯೊಬ್ಬರದು. ಅವರು ಅಲ್ಲಿನ ಸಂಸತ್ತಿನ ಮೀನುಗಾರಿಕೆ ಸಮಿತಿಯ ಅಧ್ಯಕ್ಷೆ. ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಇದು ಆ ದೇಶದ ಸಮಸ್ಯೆ ಎಂದು ತಾವು ಹೇಳುವಿರಿ. ಸಂಸದೆಯ ಹೆಸರನ್ನೂ ಬರೆಯುವುದಿಲ್ಲ. ಫೋನಿನಲ್ಲಿ ನಾನು ಅವರನ್ನು ಮೇಡಂ ಎಂದೇ ಕರೆದದ್ದು, ಇಲ್ಲಿಯೂ ಹಾಗೆಯೇ ಇರಲಿ.

ಮೇಡಂ ಬರಲಿಲ್ಲ. ವೀಸಾ ಸಿಗಲಿಲ್ಲ. ಅವಧಿ ಮುಗಿಯುವ ಮೊದಲು ನಿಮ್ಮ ದೇಶ ಬಿಟ್ಟು ಹೋಗುವ ಅವರ ಉದ್ದೇಶದ ಬಗ್ಗೆ ಸಮಂಜಸವಾದ ಸಂದೇಹಗಳಿದ್ದವಂತೆ. ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದಿದ್ದರೆ ಸಂದೇಹ ಬರುತ್ತಿರಲಿಲ್ಲ. ಅದನ್ನು ಕೊಡುವುದು ಅಲ್ಲಿನ ರಾಷ್ಟ್ರಾಧ್ಯಕ್ಷರ ಕಾರ್ಯಾಲಯ, ಮೇಡಂ ವಿರೋಧ ಪಕ್ಷದವರು, ಅವರ ಅರ್ಜಿ ಪರಿಶೀಲನೆಯಲ್ಲಿದೆ. ಕಾರ್ಯಾಂಗದ ಮೇಲೆ ಕಣ್ಣಿಡುವುದು ಹೇಗೆ ಎಂದು ಮಾತಾಡಲು ಹೊರಟವರು ಕಾರ್ಯಾಂಗದ ಅನುಮತಿಗೆ ಕಾಯುತ್ತ ಕುಳಿತಿದ್ದರು. ತಮ್ಮ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ, ಆದರೆ ತಾವು ಅದನ್ನು ಬಳಸಿಕೊಳ್ಳಲಿಲ್ಲ.

ಈ ಸುದ್ದಿ ನನಗೆ ತಿಳಿದದ್ದು ಡೆನಿಸ್‌ನಿಂದ. ಡೆನಿಸ್ ಮಂಗಳೂರಿನವ, ಪ್ರತಿಷ್ಠಾನದಲ್ಲಿ ಸಭೆಗಳ ವ್ಯವಸ್ಥೆ ನೋಡಿಕೊಳ್ಳುತ್ತಾನೆ. ಸಭೆಯ ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಿದ.

"ಮಾರಾಯಾ, ಎಂತ ಮಾಡ್ತಾ ಇದ್ದಿ?"

"ನಾಳೆ ನಡೆಯುವ ಸಭೆಯಲ್ಲಿ ಏನೇನು ನಡೆಯಿತು ಅಂತ ಬರೀತಾ ಇದ್ದೇನೆ."

"ಅದೇ ವಿಷಯ. ಮೂರನೇ ಪುಟದಲ್ಲಿ ಎಂತ ಬರ್ದಿದ್ದಿ ನೋಡು."

"ಆಫ್ರಿಕಾದ ಪ್ರತಿನಿಧಿಯ ದೃಷ್ಟಿಕೋನವನ್ನು ಸಭೆ ಬಹಳವಾಗಿ ಮೆಚ್ಚಿಕೊಂಡಿತು."

"ಹಾಂ. ಅವರಿಗೆ ವೀಸಾ ರಿಜೆಕ್ಟ್ ಆಯ್ತು."

"ಹಾಗಾದರೆ ಆ ಸಾಲು ತೆಗೀತೇನೆ."

"ತೆಗೀಬೇಡ ಮಾರಾಯಾ! ಅದು ಮೇಲೆ ಹೋಗಿ ಅಪ್ರೂವ್ ಆಗಿ ಬಂದಾಗಿದೆ. ಈಗ ತೆಗೆದ್ರೆ ಪುನಃ ಮೊದಲಿಂದ ಕಳಿಸ್ಬೇಕು. ನೀನೇ ಕೂತ್ಕೊಂಡ್ಬಿಡು."

"ಎಲ್ಲಿ?"

"ಮೂರನೇ ಕುರ್ಚಿಯಲ್ಲಿ. ಅರ್ಧ ಗಂಟೆ. ವೇದಿಕೆ ಚರ್ಚೆಗೆ ಮಾತ್ರ. ಫೋಟೋ ಆದ್ಮೇಲೆ ಇಳಿದು ಬಾ."

"ಡೆನಿಸ್, ನಾನು ಮಲ್ಪೆಯವ."

"ಗೊತ್ತುಂಟು. ಮಲ್ಪೆಯಿಂದ ನೆಟ್ಟಗೆ ಪಶ್ಚಿಮಕ್ಕೆ ದೋಣಿ ಬಿಟ್ರೆ ಎಲ್ಲಿಗೆ ಹೋಗ್ತದೆ ಹೇಳು? ಆಚೆ ಬದಿ ಅವರೇ ಇರೋದು."

ಭೂಗೋಳದ ಮಟ್ಟಿಗೆ ಅವನ ಮಾತು ಹೆಚ್ಚುಕಡಿಮೆ ಸರಿ ಇತ್ತು. ಮೇಡಂ ಅವರನ್ನು ವೀಡಿಯೊ ಮೂಲಕ ಮಾತಾಡಿಸಬಹುದಲ್ಲ ಎಂದು ಕೇಳಿದೆ. ಅದು ಪ್ರೆಜೆನ್ಸ್-ಫೆರಾನ್‌ಸ್ಟಾಲ್ಟುಂಗ್, ಅಂದರೆ ಎಲ್ಲರೂ ಖುದ್ದಾಗಿ ಹಾಜರಿರಬೇಕಾದ ಸಭೆ ಎಂದು ಮಂಜೂರಾಗಿದೆ, ತೆರೆಯ ಮೇಲೆ ಬರುವವರಿಗೆ ಅವಕಾಶವಿಲ್ಲ ಎಂದ. ಬೇರೆಯವರ ಬದಲು ಬರುವವರಿಗೆ ಅವಕಾಶವಿದೆಯೇ ಎಂದು ಕೇಳಿದೆ. ಅದನ್ನು ನಿಷೇಧಿಸಿದ ನಿಯಮ ಇಲ್ಲ ಎಂದ.

ನಮ್ಮ ಕಡೆಯ ಸಮಾರಾಧನೆಯ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಖಾಲಿ ಬಿಡುವ ಕ್ರಮವಿಲ್ಲ. ಬಡಿಸುವವರು ಬಾಗಿಲ ಕಡೆ ನೋಡಿ "ಓ ಅಲ್ಲಿ ನಿಂತವರೇ, ಇಲ್ಲೊಂದು ಎಲೆ ಉಂಟು, ಬನ್ನಿ" ಎಂದು ಯಾರನ್ನಾದರೂ ಕರೆದು ಕೂರಿಸುತ್ತಾರೆ. ಯಾರು ಕೂತರು ಎಂಬುದು ಮುಖ್ಯವಲ್ಲ, ಪಂಕ್ತಿ ಪೂರ್ಣವಾಗಬೇಕು. ಜರ್ಮನಿಗೆ ಬಂದು ಇಷ್ಟು ವರ್ಷದ ಮೇಲೆ ಅದೇ ಪದ್ಧತಿಯನ್ನು ಇಲ್ಲಿ ಕಂಡು ನನಗೆ ಒಂದು ಬಗೆಯ ನೆಮ್ಮದಿಯೇ ಆಯಿತು. ಒಂದು ವ್ಯತ್ಯಾಸವನ್ನು ಮಾತ್ರ ಆಗ ಗಮನಿಸಲಿಲ್ಲ. ಪಂಕ್ತಿಯಲ್ಲಿ ಬದಲಿಗೆ ಕೂತವನಿಗೂ ಅನ್ನ ಬಡಿಸುತ್ತಾರೆ.

ಆದರೂ ಅವರ ಜಾಗದಲ್ಲಿ ನಾನು ಕೂರುವುದಿಲ್ಲ ಎಂದು ಮೇಡಂಗೆ ಹೇಳಿಬಿಡೋಣ ಎನಿಸಿ ಡೆನಿಸ್‌ನಿಂದ ನಂಬರ್ ಪಡೆದು ಫೋನ್ ಮಾಡಿದೆ. ಸಭ್ಯತೆಯ ಕರೆ ಅದು, ಎರಡು ನಿಮಿಷದಲ್ಲಿ ಮುಗಿಯಬೇಕಿತ್ತು. ಮಾತು ಇಂಗ್ಲಿಷಿನಲ್ಲಿ ನಡೆಯಿತು, ಇಲ್ಲಿ ನನ್ನ ಭಾಷೆಯಲ್ಲಿ ಕೊಡುತ್ತಿದ್ದೇನೆ.

"ಓ, ನೀವೇನಾ ನಾನು?" ಎಂದರು.

"ಕ್ಷಮಿಸಿ ಮೇಡಂ. ನಾನು ಕೂರುವುದಿಲ್ಲ ಎಂದು ತಿಳಿಸಲು ಕರೆ ಮಾಡಿದೆ."

"ಯಾಕೆ? ಕೂರಿ, ಕೂರಿ. ನೀವು ಬೇಡ ಎಂದರೆ ಅವರು ಇನ್ನೊಬ್ಬರನ್ನು ಹುಡುಕುತ್ತಾರೆ, ಅವನು ಮೀನನ್ನೇ ತಿನ್ನದವನಾಗಿದ್ದರೆ? ನೀವು ತಿನ್ನುತ್ತೀರಾ?"

"ತಿನ್ನುತ್ತೇನೆ."

"ಒಣಮೀನು?"

"ಇಲ್ಲಿ ಹುರಿದರೆ ಮೇಲಿನ ಮನೆಯವರು ಮನೆ ಮಾಲೀಕರಿಗೆ ದೂರು ಬರೆಯುತ್ತಾರೆ. ಆದರೂ ಹುರಿಯುತ್ತೇವೆ."

"ಹಾಗಾದರೆ ನೀವು ನನ್ನ ಕ್ಷೇತ್ರದವರೇ. ಕೇಳಿ ಮಿಸ್ಟರ್ ಬದಲಿ, ನಾನು ಅಲ್ಲಿಗೆ ಬರಲು ಹೊರಟದ್ದು ಭಾಷಣ ಮಾಡಲಿಕ್ಕಲ್ಲ. ಒಂದು ಪ್ರಶ್ನೆ ಕೇಳಲಿಕ್ಕೆ. ಕುರ್ಚಿ ನನಗೆ ಬೇಡ, ಪ್ರಶ್ನೆಗೆ ಬೇಕು."

ಆಮೇಲೆ ಅವರು ವಿವರಿಸಿದರು. ನೀವು ಸಹಿ ಹಾಕಲಿರುವ ಒಪ್ಪಂದದ ಬಂದರು ಬರುವುದು ಅವರ ಕ್ಷೇತ್ರದ ಕಡಲ ದಂಡೆಯಲ್ಲಿ. ದೋಣಿಗಳು ಬಂದು ನಿಲ್ಲುವುದು ಅಲ್ಲಿ, ಹೆಂಗಸರು ಚಪ್ಪರ ಹಾಕಿ ಮೀನು ಒಣಗಿಸುವುದು, ಹೊಗೆ ಹಾಕುವುದು ಅಲ್ಲಿ. ಶೀತಲಗೃಹ ಬರುತ್ತದೆ, ಮಂಜುಗಡ್ಡೆಯ ಕಾರ್ಖಾನೆ ಬರುತ್ತದೆ, ಸುತ್ತ ಒಂದು ಗೋಡೆ ಬರುತ್ತದೆ. ಒಪ್ಪಂದದ ನಕ್ಷೆಯನ್ನು ಅವರ ಸಮಿತಿ ಕೇಳಿದೆ. ಸಹಿಯಾದ ನಂತರ ಕೊಡಲಾಗುವುದು ಎಂದು ಅವರ ಸಚಿವಾಲಯ ಹೇಳಿದೆ. ನಿಮ್ಮ ವಿಭಾಗವನ್ನು ಕೇಳಿದಾಗ, ನಮ್ಮ ಪಾಲುದಾರರು ಸಚಿವಾಲಯದವರು, ಅವರ ಮೂಲಕವೇ ಕೇಳಿ ಎಂದಿದ್ದೀರಿ.

"ಐಸ್ ಬೇಡ ಎಂದು ಯಾರು ಹೇಳಿದರು?" ಎಂದರು ಮೇಡಂ. "ಐಸ್ ಇಲ್ಲದೆ ಅರ್ಧ ಮೀನು ಹಾಳಾಗುತ್ತದೆ, ನನ್ನ ತಾಯಿ ಅದೇ ಮೀನು ಮಾರಿ ನನ್ನನ್ನು ಓದಿಸಿದವಳು. ನಾನು ಕೇಳುತ್ತಿರುವುದು ಗೋಡೆ ಎಲ್ಲಿ ಬರುತ್ತದೆ, ಬಾಗಿಲು ಯಾರಿಗೆ ತೆರೆಯುತ್ತದೆ ಎಂದು. ಇದನ್ನು ಸಹಿಗೆ ಮೊದಲು ಕೇಳಿದರೆ ಸಂಸತ್ತು. ಸಹಿಯಾದ ಮೇಲೆ ಕೇಳಿದರೆ ಗೊಣಗಾಟ."

ಅವರು ದಂಡೆಯ ಮೇಲೆ ಸಭೆ ಕರೆದು, ಸದನದಲ್ಲಿ ಚರ್ಚೆಯಾಗುವ ತನಕ ಯಾರೂ ಸಹಿ ಹಾಕುವುದಿಲ್ಲ ಎಂದು ಜನರಿಗೆ ಮಾತು ಕೊಟ್ಟಿದ್ದಾರೆ. ಸಂವಿಧಾನದಲ್ಲಿ ಹಾಗೆಯೇ ಇದೆ ಎಂಬ ಧೈರ್ಯದಿಂದ ಕೊಟ್ಟ ಮಾತು. ಆಗ ಮೀನು ಒಣಗಿಸುವ ಒಬ್ಬ ಮುದುಕಿ ಎದ್ದು, "ನಿನ್ನ ಸದನಕ್ಕೂ ಗೇಟು ಇದೆ, ನಮ್ಮ ದಂಡೆಗೂ ಗೇಟು ಬರುತ್ತದಂತೆ. ಎರಡಕ್ಕೂ ಕಾವಲಿನವನು ಒಬ್ಬನೇ ಏನಮ್ಮಾ?" ಎಂದಳಂತೆ. ಎಲ್ಲರೂ ನಕ್ಕರಂತೆ. ನಾನೂ ನಕ್ಕೆ ಎಂದರು ಮೇಡಂ. ಮನೆಗೆ ಹೋದ ಮೇಲೆ ನಗು ಬರಲಿಲ್ಲ ಎಂದೂ ಹೇಳಿದರು.

"ಇನ್ನೊಂದು ಸಂಗತಿ," ಎಂದರು ಫೋನ್ ಇಡುವ ಮೊದಲು. "ನಾನು ಜರ್ಮನಿಯಲ್ಲೇ ಉಳಿದುಬಿಡುತ್ತೇನೆ ಎಂದು ಅವರಿಗೆ ಅನುಮಾನವಲ್ಲವೇ? ಹಾಗೇನಾದರೂ ಆದರೆ ಇಲ್ಲಿ ಉಪಚುನಾವಣೆ. ನನ್ನ ಎದುರಾಳಿಗೆ ಹೇಳಿ ನೋಡಿ, ಅಲ್ಲಿ ನನ್ನ ಮನೆ ಬಾಡಿಗೆಯನ್ನು ಅವನೇ ಕಟ್ಟುತ್ತಾನೆ."

ಹೀಗೆ ನಾನು ಕೂತೆ. ನನ್ನ ಮುಂದೆ ಇಟ್ಟ ಫಲಕದಲ್ಲಿ ಮೇಡಂ ಹೆಸರನ್ನು ತೆಗೆದು 'ಜಾಗತಿಕ ದಕ್ಷಿಣದ ದನಿ' ಎಂದು ಹಾಕಿದ್ದರು. ನಾನು ಹುಟ್ಟಿದ ಜಿಲ್ಲೆಯ ಹೆಸರಿನಲ್ಲೇ ದಕ್ಷಿಣ ಇದ್ದದ್ದರಿಂದ ಆಕ್ಷೇಪಿಸಲು ನನಗೆ ಕಾರಣ ಸಿಗಲಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಆಫ್ರಿಕಾ' ಎಂಬುದು ಹಾಗೇ ಉಳಿದಿತ್ತು. ವೇದಿಕೆಯ ಮೇಲಿಂದ ನೋಡಿದಾಗ ಸಭೆ ಬೇರೆಯದೇ ಆಗಿ ಕಾಣುತ್ತದೆ. ನಾನು ಸಾಮಾನ್ಯವಾಗಿ ಕೂರುವ ಹಿಂದಿನ ಸಾಲಿನ ಕುರ್ಚಿ ಖಾಲಿ ಇತ್ತು. ಅಲ್ಲಿ ಯಾರನ್ನಾದರೂ ಕೂರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ.

ತಾವು ಚೆನ್ನಾಗಿ ಮಾತಾಡಿದಿರಿ. ಬಲಿಷ್ಠ ಸಂಸತ್ತುಗಳಿಲ್ಲದೆ ಸುಶಾಸನವಿಲ್ಲ ಎಂದಿರಿ. ಕಾನೂನು ಮಾಡುವುದಷ್ಟೇ ಸಂಸತ್ತಿನ ಕೆಲಸವಲ್ಲ, ಆಳುವವರನ್ನು ಪ್ರಶ್ನಿಸುವುದೂ ಜನರ ಅಳಲನ್ನು ಒಳಗೆ ತರುವುದೂ ಅದರ ಕೆಲಸ ಎಂದಿರಿ. ಒಂದೊಂದೂ ನಿಜ. ಒಂದೊಂದೂ ನನ್ನ ವರದಿಯಲ್ಲಿ ಆಗಲೇ ಇತ್ತು. ಆಫ್ರಿಕಾದ ಸಂಸತ್ತುಗಳಿಗೆ ಪ್ರಶ್ನೆ ಕೇಳುವ ತರಬೇತಿ ಬೇಕು ಎಂದು ತಾವು ಹೇಳಿದಾಗ ನಾನು ಮೈಕ್ ಕಡೆ ಬಾಗಿ ಮೇಡಂ ಕೊಟ್ಟ ಪ್ರಶ್ನೆಯನ್ನು ಕೇಳಿದೆ. ಈ ಒಪ್ಪಂದಕ್ಕೆ ಆ ದೇಶದ ಸಂಸತ್ತು ಚರ್ಚಿಸಿದ ನಂತರ ಸಹಿ ಹಾಕುವಿರಾ, ಗೋಡೆ ಎಲ್ಲಿ ಬರುತ್ತದೆ ಎಂಬುದನ್ನು ಅದಕ್ಕೆ ಮೊದಲು ಅವರಿಗೆ ತೋರಿಸುವಿರಾ ಎಂದು.

ಸಭೆ ನಡೆಸುತ್ತಿದ್ದವರು ಬಹಳ ಮಹತ್ವದ ಪ್ರಶ್ನೆ ಎಂದರು, ಧನ್ಯವಾದ ಹೇಳಿದರು, ನಾವು ಪ್ರಶ್ನೆಗಳನ್ನು ಸಂಗ್ರಹಿಸುತ್ತಿದ್ದೇವೆ ಎಂದರು. ಇನ್ನೆರಡು ಪ್ರಶ್ನೆ ಸೇರಿಸಿಕೊಂಡರು. ಅವುಗಳಲ್ಲಿ ಒಂದು ಪ್ರಶ್ನೆಯಾಗಿರಲಿಲ್ಲ, ನಿವೃತ್ತರೊಬ್ಬರು ತಾವು ಯೌವನದಲ್ಲಿ ಮಾಡಿದ ಪ್ರವಾಸವನ್ನು ನೆನಪಿಸಿಕೊಂಡರು. ತಾವು ಮೊದಲು ಪ್ರವಾಸಕ್ಕೆ ಉತ್ತರ ಕೊಟ್ಟಿರಿ. ನನ್ನ ಕಡೆ ತಿರುಗಿದಾಗ ತಾವು ಹೇಳಿದ್ದನ್ನು ನಾನು ಅಕ್ಷರಶಃ ಬರೆದುಕೊಂಡಿದ್ದೇನೆ, ಕಸುಬಿನ ಅಭ್ಯಾಸ.

"ಇಂಥ ಪ್ರಶ್ನೆ ಆ ದೇಶದ ಚುನಾಯಿತ ಪ್ರತಿನಿಧಿಯಿಂದಲೇ ಬಂದಿದ್ದರೆ ಉತ್ತರಿಸಲು ನನಗೆ ಸಂತೋಷವಾಗುತ್ತಿತ್ತು. ಬೇರೆಯವರ ಪರವಾಗಿ ಮಾತಾಡದಿರುವುದನ್ನು ನಾವೆಲ್ಲ ಕಲಿಯಬೇಕಿದೆ."

ಚಪ್ಪಾಳೆ ಬಿತ್ತು. ನನಗೂ ಚಪ್ಪಾಳೆ ತಟ್ಟಬೇಕೆನಿಸಿತು, ಏಕೆಂದರೆ ಮಾತು ನ್ಯಾಯವಾಗಿತ್ತು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿ, ನೀನು ಅವರಲ್ಲ ಎಂದು ಅವನಿಗೇ ತಿಳಿಹೇಳುವುದರಲ್ಲಿ ತರ್ಕದ ದೋಷ ಯಾವುದೂ ಇಲ್ಲ.

ಕಾಫಿ ವಿರಾಮದಲ್ಲಿ ಡೆನಿಸ್ ನನ್ನನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದ. "ಎಂತ ಮಾರಾಯಾ ನೀನು! ಪ್ರಶ್ನೆ ಕೇಳ್ಲಿಕ್ಕೆ ಹೇಳಿದ್ನಾ ನಾನು?"

"ಕಾರ್ಯಕ್ರಮದಲ್ಲಿ ಚರ್ಚೆ ಅಂತ ಇತ್ತು."

"ಅದು ಹಾಕೋದು ಮಾರಾಯಾ. ಎಲ್ಲ ಕಾರ್ಯಕ್ರಮದಲ್ಲೂ ಹಾಕೋದು. ಇನ್ನು ಮುಂದಿನ ಸಭೆಗೆ ನಿನ್ನ ಹೆಸರು ಹೇಳ್ಲಿಕ್ಕೆ ನಂಗೆ ಮುಖ ಉಂಟಾ?" ಎಂದವನು ಕಾಫಿಯ ಲೋಟ ಕೆಳಗಿಟ್ಟು, "ಆ ಮೇಡಂ ಟಿಕೆಟ್ ನಾನೇ ಬುಕ್ ಮಾಡಿದ್ದು. ಬರ್ಲಿಕ್ಕೂ ವಾಪಸ್ ಹೋಗ್ಲಿಕ್ಕೂ," ಎಂದ.

ತಮ್ಮ ಬಳಿಗೂ ಬಂದೆ, ನೆನಪಿರಬಹುದು. ವೀಸಾದ ಮಾತೆತ್ತಿದೆ. ಅದು ನಮ್ಮ ಇಲಾಖೆಯದ್ದಲ್ಲ ಎಂದಿರಿ. ಪ್ಲಮ್ ಕೇಕ್ ಚೆನ್ನಾಗಿದೆ, ತೆಗೆದುಕೊಳ್ಳಿ ಎಂದಿರಿ. ಚೆನ್ನಾಗಿತ್ತು.

ಸಂಸತ್ತಿನ ವಿಷಯದಲ್ಲಿ ನಾನು ಭಾವುಕನಲ್ಲ, ಇದನ್ನು ತಾವು ನಂಬಬೇಕು. ಗ್ರಾಮಸಭೆ ಮುಗಿದ ಮೇಲೆ ಮನೆಮನೆಗೆ ಬಂದು ಹಾಜರಿ ಸಹಿ ಪಡೆದುಕೊಂಡು ಹೋಗುವುದನ್ನು ನೋಡುತ್ತ ಬೆಳೆದವನು. ಕಲೋನ್‌ನ ನಮ್ಮ ಕನ್ನಡ ಬಳಗದ ವಾರ್ಷಿಕ ಮಹಾಸಭೆಯನ್ನು ಯಾವಾಗಲೂ ಊಟಕ್ಕೆ ಸ್ವಲ್ಪ ಮೊದಲು ಇಡುತ್ತಾರೆ. ಬಿಸಿಬೇಳೆಬಾತಿನ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ವರ್ಷದ ವರದಿಯ ಮಂಡನೆ. ಯಾರಾದರೂ ಸಂಶಯ ಕೇಳಲು ಎದ್ದರೆ ಹಿಂದಿನಿಂದ "ಕೂತ್ಕೊಳ್ಳಿ ಸಾರ್, ಮಕ್ಳಿಗೆ ಹಸಿವಾಗ್ತಿದೆ" ಎಂಬ ಕೂಗು. ಸರ್ವಾನುಮತದಿಂದ ಅಂಗೀಕಾರ. ಒಪ್ಪಂದದ ದಿನಾಂಕವನ್ನು ಅಧಿವೇಶನಕ್ಕೆ ಎರಡೇ ವಾರ ಮೊದಲು ಗೊತ್ತುಮಾಡಿದವರು ಯಾರೋ ನಮ್ಮ ಬಳಗದ ಕಾರ್ಯದರ್ಶಿಯ ಕೈಯಲ್ಲಿ ಪಳಗಿದವರೇ ಇರಬೇಕು. ಹಾಗೆಂದು ಮಹಾಸಭೆಯೇ ಬೇಡ ಎಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಕೆಟ್ಟದಾಗಿ ನಡೆಯುವ ಸಭೆಯಲ್ಲೂ ಒಮ್ಮೊಮ್ಮೆ ಒಬ್ಬರು ಎದ್ದು ನಿಲ್ಲುತ್ತಾರೆ, ಅನ್ನ ಆರಿದರೂ ಸರಿ ಎನ್ನುತ್ತಾರೆ. ಆ ಒಬ್ಬರಿಗಾಗಿ ಉಳಿದ ವರ್ಷಗಳನ್ನೆಲ್ಲ ಸಹಿಸಿಕೊಳ್ಳಬೇಕಾಗುತ್ತದೆ. ಆ ದೇಶದ ಸಂಸತ್ತೂ ಬಹುಶಃ ಹೀಗೆಯೇ ಇದೆ. ಈ ಬಾರಿ ಅಲ್ಲಿ ಒಬ್ಬರು ಎದ್ದು ನಿಂತಿದ್ದಾರೆ, ತಾವು ಮುಚ್ಚಳ ತೆಗೆಯುತ್ತಿದ್ದೀರಿ.

ಸುಶಾಸನ ಎಂದರೆ ಏನೆಂದು ನಾನು ಪುಸ್ತಕದಿಂದ ಕಲಿಯಲಿಲ್ಲ, ನಿಮ್ಮ ದೇಶದಿಂದಲೇ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಟ್ರಾಮ್ ನಿಲ್ದಾಣವನ್ನು ಬೇಕರಿಯ ಮುಂದಿನಿಂದ ಔಷಧದಂಗಡಿಯ ಮುಂದಕ್ಕೆ ಸರಿಸಬೇಕಾಯಿತು. ಕೂಗಿ ಕರೆದರೆ ಕೇಳಿಸುವಷ್ಟು ದೂರ. ಅದಕ್ಕಾಗಿ ನಗರಪಾಲಿಕೆ ಶಾಲೆಯ ಸಭಾಂಗಣದಲ್ಲಿ ನಿವಾಸಿಗಳ ಸಭೆ ಕರೆಯಿತು. ಒಮ್ಮೆ ಅಲ್ಲ, ಮೂರು ಸಲ. ಗೋಡೆಯ ತುಂಬ ನಕ್ಷೆ ಅಂಟಿಸಿದ್ದರು. ಒಂದು ಮೇಪಲ್ ಮರದ ಬಗ್ಗೆಯೇ ಒಂದು ಸಂಜೆ ಕಳೆಯಿತು. ನಾನು ಆಗ ಈ ದೇಶದ ಪ್ರಜೆಯಾಗಿರಲಿಲ್ಲ, ಈಗಲೂ ಅಲ್ಲ. ಆದರೂ ಕೈ ಎತ್ತಿ, ಮಳೆ ಬಂದಾಗ ನಿಲ್ಲಲು ಸೂರು ಯಾವ ಕಡೆಗೆ ಬರುತ್ತದೆ ಎಂದು ನನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ ಕೇಳಿದೆ. ನೀನು ಯಾರು, ಯಾರ ಪರವಾಗಿ ಕೇಳುತ್ತಿದ್ದೀ ಎಂದು ಯಾರೂ ಕೇಳಲಿಲ್ಲ. ಒಬ್ಬ ಅಧಿಕಾರಿ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. ತಿಂಗಳೊಳಗೆ ಲಿಖಿತ ಉತ್ತರವೂ ಬಂತು. ಸೂರು ಪಶ್ಚಿಮಕ್ಕೆ ತೆರೆದಿರುವಂತೆ ಬಂತು, ಮಳೆಯೂ ಪಶ್ಚಿಮದಿಂದಲೇ ಬರುತ್ತದೆ, ಅದು ಬೇರೆ ವಿಷಯ.

ಆ ನಿಲ್ದಾಣ ಬರುವುದು ತಡವಾಯಿತು. ಸಂಸತ್ತು, ಸಭೆ, ಸಮಿತಿ ಇವೆಲ್ಲ ಮೂಲತಃ ತಡ ಮಾಡಲೆಂದೇ ಇರುವವು. ಯಾರ ಕಾಲು ಎಲ್ಲಿದೆ ಎಂದು ನೋಡಿ ಕಂಬ ನೆಡಲು ಬೇಕಾಗುವ ಹೊತ್ತು ಅದು. ಇದು ತಮಗೆ ಗೊತ್ತಿಲ್ಲ ಎಂದು ನಾನು ಹೇಳಲಾರೆ. ಒಂದು ಮೇಪಲ್ ಮರಕ್ಕೆ ಒಂದು ಸಂಜೆ ಕೊಟ್ಟವರು ನೀವು. ಹಾಗಿರುವಾಗ ಒಂದು ಕಡಲ ದಂಡೆಗೆ, ಅಲ್ಲಿ ಮೀನು ಒಣಗಿಸಿ ಬದುಕುವ ಅಷ್ಟೂ ಹೆಂಗಸರಿಗೆ, ಅವರೇ ಆರಿಸಿ ಕಳಿಸಿದ ಸದನದ ಎರಡು ವಾರ ಏಕೆ ಹೆಚ್ಚಾಗಿ ಕಾಣುತ್ತದೆ? ಕಾಯುವುದು ನಿಮ್ಮ ಬೀದಿಯಲ್ಲಿ ಪ್ರಜಾಪ್ರಭುತ್ವ, ಅವರ ಊರಿನಲ್ಲಿ ಅದಕ್ಷತೆಯೇ? ಅವರ ಸಂಸತ್ತು ದುರ್ಬಲ ಎನ್ನುತ್ತೀರಿ. ಕೇಳದೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಎಷ್ಟು ವರ್ಷ ನಡೆದರೆ ಯಾವ ಸಂಸತ್ತು ಬಲವಾಗಿ ಉಳಿದೀತು? ಅವರ ಸಚಿವರಿಗೆ ತಮ್ಮದೇ ಸಂಸತ್ತನ್ನು ದಾಟಿ ಹೋಗುವ ದಾರಿ ಬೇಕಿತ್ತು, ಆ ದಾರಿ ಕಲೋನ್ ಕಡೆಯಿಂದ ಹಾದು ಹೋಗುತ್ತದೆ. ದಾರಿಯ ಪಕ್ಕದಲ್ಲೇ ತರಬೇತಿ ಶಿಬಿರ.

ಸಭೆಯ ಫೋಟೋ ಪ್ರತಿಷ್ಠಾನದ ಜಾಲತಾಣದಲ್ಲಿ ಬಂತು. ನನ್ನ ಮಗಳು ಪವಿ ಬೆಳಗಿನ ತಿಂಡಿಗೆ ಕೂತಿದ್ದಾಗ ಅದನ್ನು ನೋಡಿದಳು. ಅವಳಿಗೆ ಹದಿನಾರು, ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಜರ್ಮನ್‌ನಲ್ಲಿ ಉತ್ತರಿಸುತ್ತಾಳೆ, ನಮ್ಮ ಮನೆಯಲ್ಲಿ ಇದಕ್ಕೆ ದುಭಾಷಿ ಬೇಕಾಗುವುದಿಲ್ಲ.

"ಪಾಪಾ, ನಿನ್ನ ಮುಂದೆ ಆಫ್ರಿಕಾ ಅಂತ ಯಾಕೆ ಬರೆದಿದೆ?" ಎಂದಳು.

"ಬರಬೇಕಾದವರು ಬರಲಿಲ್ಲ ಪುಟ್ಟಾ. ಬರೋದಕ್ಕೆ ಬಿಡಲಿಲ್ಲ."

"ಹಾಗಾದ್ರೆ ಬರಲಿಲ್ಲ ಅಂತ ಬರೀಬೇಕಲ್ಲ."

"ಅದು ವರದಿಯಲ್ಲಿ ಸ್ವಲ್ಪ ಚೆನ್ನಾಗಿ ಕಾಣಿಸೋದಿಲ್ಲ."

"ವರದಿ ಬರೆಯೋದು ನೀನೇ ತಾನೇ?" ಎಂದು ಹಾಲಿನ ಬಟ್ಟಲಿಗೆ ಮುಖ ಹಾಕಿದಳು. ಅವಳಿಗೆ ಟ್ರಾಮ್ ತಪ್ಪುವ ಚಿಂತೆ ಇತ್ತು, ನನ್ನ ವೃತ್ತಿಧರ್ಮದ ಬಗ್ಗೆ ಚರ್ಚಿಸುವ ಉದ್ದೇಶ ಇರಲಿಲ್ಲ.

ಆ ವರದಿಯನ್ನು ನಾನು ಮೊನ್ನೆ ಕೊಟ್ಟೆ. ಮೂರನೇ ಪುಟದಲ್ಲಿದ್ದ ಸಾಲನ್ನು ತೆಗೆದು, ಮೂರನೇ ಕುರ್ಚಿಗೆ ಆಹ್ವಾನಿತರಾಗಿದ್ದ ಸಂಸದೆಗೆ ವೀಸಾ ನಿರಾಕರಿಸಲಾಯಿತು, ಅವರ ಪ್ರಶ್ನೆಯನ್ನು ಓದಿ ಹೇಳಲಾಯಿತು, ಉತ್ತರ ಸಿಗಲಿಲ್ಲ ಎಂದು ಬರೆದಿದ್ದೇನೆ. ಡೆನಿಸ್ ನಾಲ್ಕು ಸಲ ಫೋನ್ ಮಾಡಿದ. ಐದನೆಯ ಸಲ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ತನ್ನ ತಂಗಿಯ ಗಂಡ ಕೆಲಸ ಮಾಡುವ ಕಂಪನಿಗೆ ಇಂಗ್ಲಿಷ್ ಬಲ್ಲವರು ಬೇಕಂತೆ, ಯಾವುದಕ್ಕೂ ನೋಡಿಟ್ಟುಕೋ ಎಂದ. ಅವನು ಒಳ್ಳೆಯವನು. ಪ್ರತಿಷ್ಠಾನ ನನ್ನ ವರದಿಯನ್ನು ಪರಿಷ್ಕರಣೆಗೆ ಕಳಿಸಿದೆ. ಪರಿಷ್ಕರಿಸುವವರು ಆ ದಿನ ಸಭೆಯಲ್ಲಿ ಇರಲಿಲ್ಲ, ಆದ್ದರಿಂದ ಅವರ ಕೆಲಸ ಸುಲಭ.

ಈಗ ತಮ್ಮ ಷರತ್ತಿಗೆ ಬರುತ್ತೇನೆ. ಪ್ರಶ್ನೆ ಚುನಾಯಿತ ಪ್ರತಿನಿಧಿಯಿಂದಲೇ ಬರಬೇಕು ಎಂದಿದ್ದಿರಿ. ಬಂದಿದೆ. ಮೇಡಂ ತಮ್ಮ ಸಮಿತಿಯ ಪರವಾಗಿ ಅದೇ ಪ್ರಶ್ನೆಯನ್ನು ಕಳೆದ ವಾರ ತಮಗೆ ನೇರವಾಗಿ ಕಳಿಸಿದ್ದಾರೆ. ತಾವು ಪ್ರಯಾಣದಲ್ಲಿದ್ದೀರಿ, ಬರುವ ತಿಂಗಳ ಹದಿನೈದರ ನಂತರ ಲಭ್ಯರಿರುತ್ತೀರಿ ಎಂಬ ಸ್ವಯಂಚಾಲಿತ ಉತ್ತರ ಅವರಿಗೆ ಸಿಕ್ಕಿದೆ. ಸಹಿ ಹದಿನಾಲ್ಕಕ್ಕೆ. ಯಂತ್ರಗಳಿಗೆ ವ್ಯಂಗ್ಯ ತಿಳಿಯುವುದಿಲ್ಲ ಎನ್ನುತ್ತಾರೆ, ನನಗೆ ಅನುಮಾನವಿದೆ.

ನಿನ್ನೆ ಸಂಜೆ ಮೇಡಂ ಜೊತೆ ಮಾತಾಡಿದೆ. ಅಧಿವೇಶನ ಇಲ್ಲದಿದ್ದರೂ ಸಮಿತಿ ಎಲ್ಲಿ ಬೇಕಾದರೂ ಸೇರಬಹುದೆಂದು ಅವರ ಸದನದ ನಿಯಮ ಹೇಳುತ್ತದಂತೆ. ಈ ನಿಯಮವನ್ನು ಅವರಿಗೆ ತೋರಿಸಿಕೊಟ್ಟದ್ದು ಹಿಂದೊಮ್ಮೆ ನಿಮ್ಮ ವಿಭಾಗವೇ ನಡೆಸಿದ ತರಬೇತಿಯಂತೆ, ಆದ್ದರಿಂದ ಹಣ ಪೂರ್ತಿ ವ್ಯರ್ಥವಾಗಿಲ್ಲ. ಹನ್ನೆರಡರಂದು ಬೆಳಿಗ್ಗೆ ಸಮಿತಿ ಆ ದಂಡೆಯ ಮೇಲೆ, ಮೀನು ಒಣಗಿಸುವ ಚಪ್ಪರಗಳ ನಡುವೆ ಸಭೆ ಸೇರಲಿದೆ. ಹೆಂಗಸರು ಬರುತ್ತಾರೆ, ಆ ಮುದುಕಿ ಖಂಡಿತ ಬರುತ್ತಾಳೆ. ತಮಗೆ ಆಹ್ವಾನವಿದೆ. ನಿಮ್ಮ ದೇಶದ ಪಾಸ್‌ಪೋರ್ಟಿಗೆ ಅಲ್ಲಿ ಇಳಿದ ಮೇಲೆ ವೀಸಾ ಒತ್ತಿಕೊಡುತ್ತಾರೆ, ಮರಳಿ ಹೋಗುವ ಉದ್ದೇಶದ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಹನ್ನೆರಡರಂದು ಅಲ್ಲಿಗೆ ಹೋಗಿ. ನಕ್ಷೆ ತೆಗೆದುಕೊಂಡು ಹೋಗಿ, ಗೋಡೆ ಎಲ್ಲಿ ಬರುತ್ತದೆ ಎಂದು ಬೆರಳಿಟ್ಟು ತೋರಿಸಿ, ನಮ್ಮ ಟ್ರಾಮ್ ನಿಲ್ದಾಣದ ಅಧಿಕಾರಿ ತೋರಿಸಿದ ಹಾಗೆ. ಹದಿನಾಲ್ಕರ ಸಹಿಯನ್ನು ಅವರ ಸದನ ಚರ್ಚಿಸುವ ತನಕ ಮುಂದೂಡಿ. ಎರಡು ವಾರ ತಡವಾದ ಐಸ್ ಕರಗುವುದಿಲ್ಲ, ಅದು ಇನ್ನೂ ತಯಾರೇ ಆಗಿಲ್ಲ.

ತಮಗಾಗಿ ಒಂದು ಕುರ್ಚಿ ಹಾಕಿರುತ್ತಾರೆ, ಮರಳಿನ ಮೇಲೆ, ಮೂರನೆಯದು. ತಾವು ಬರದಿದ್ದರೆ ಬದಲಿಗೆ ಯಾರನ್ನು ಕೂರಿಸುತ್ತೀರಿ ಎಂದು ನಾನು ಮೇಡಂ ಅವರನ್ನು ಕೇಳಿದೆ, ಕಸುಬಿನ ಕುತೂಹಲ. ಅವರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಯಾರನ್ನೂ ಕೂರಿಸುವುದಿಲ್ಲವಂತೆ. ಕುರ್ಚಿ ಸಂಜೆಯ ತನಕ ಅಲ್ಲೇ ಇರುತ್ತದಂತೆ, ಬರದವರನ್ನು ತಮ್ಮ ಸಮಿತಿಯ ನಡಾವಳಿಯಲ್ಲಿ ಬರಲಿಲ್ಲ ಎಂದೇ ಬರೆಯುವುದಂತೆ.

ಇಂತಿ,
ಒಂದು ಮಧ್ಯಾಹ್ನದ ಮಟ್ಟಿಗೆ ಆಫ್ರಿಕಾ ಆಗಿದ್ದ,
ಸದ್ಯ ಯಾವುದಕ್ಕೂ ಸಂಬಂಧಪಡದ
ಮಲ್ಪೆಯವನು
ಕಲೋನ್